ಟಿವಿ, ಮೊಬೈಲ್ ಊರನ್ನು ಬದಲಿಸಿದ್ದು ಎಲ್ಲಿ? ಅಳೆದು ನೋಡುವ ಬಗೆ

ಪ್ರಶ್ನೆ: ಶಿರಸಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯಕ್ಷಗಾನದ ಆಟಕ್ಕೆ ಜನ ಕಡಿಮೆ, ಆಟದ ರೀಲ್ಸ್‌ಗೆ ಮಾತ್ರ ನೋಡುಗರು ಬೇಕಾದಷ್ಟು. ಗ್ರಾಮಸಭೆಯಲ್ಲಿ ಕುರ್ಚಿ ಖಾಲಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ದಿನವೂ ಗಲಾಟೆ. ಮಾಧ್ಯಮ ಸಮಾಜವನ್ನು ಬದಲಿಸುತ್ತದೆಯೋ, ಸಮಾಜ ಬದಲಾದ ಹಾಗೆ ಮಾಧ್ಯಮ ಬದಲಾಗುತ್ತದೆಯೋ? ಇದನ್ನು ಮಕ್ಕಳ ಕೈಯಿಂದ ನಮ್ಮೂರಲ್ಲೇ ಅಧ್ಯಯನ ಮಾಡಿಸಬಹುದೇ? ಹೇಗೆ?

ಉತ್ತರ: ಖಂಡಿತ ಮಾಡಿಸಬಹುದು. ಆದರೆ ‘ಟಿವಿ, ಮೊಬೈಲ್‌ನಿಂದ ಸಮಾಜ ಹಾಳಾಗಿದೆಯೇ?’ ಎಂಬ ಪ್ರಶ್ನಾವಳಿ ಕೊಟ್ಟು ಮಕ್ಕಳನ್ನು ಮನೆ ಮನೆಗೆ ಕಳಿಸಬೇಡಿ. ಬರುವ ಉತ್ತರ ಈಗಲೇ ಗೊತ್ತಿದೆ: ಹೌದು, ಹಾಳಾಗಿದೆ, ಅದರಲ್ಲೂ ಈಗಿನ ಹುಡುಗರು. ‘ನಿಮ್ಮ ಮೇಲೆ ಏನಾಗಿದೆ?’ ಎಂದು ಕೇಳಿ ನೋಡಿ, ಹೆಚ್ಚಿನವರು ‘ನನಗೇನೂ ಆಗಿಲ್ಲ’ ಎನ್ನುತ್ತಾರೆ. ಮಾಧ್ಯಮದ ಪೆಟ್ಟು ಬೀಳುವುದು ಬೇರೆಯವರಿಗೆ, ತನಗಲ್ಲ ಎಂದು ಜನ ನಂಬುವುದನ್ನು ಸಂವಹನ ಶಾಸ್ತ್ರದಲ್ಲಿ 1983ರಿಂದ ‘ಮೂರನೆಯವರ ಪರಿಣಾಮ’ ಎಂದು ಕರೆಯುತ್ತಾರೆ. ಅಭಿಪ್ರಾಯ ಕೇಳಿದರೆ ಸಿಗುವುದು ಈ ನಂಬಿಕೆ ಮಾತ್ರ, ಪ್ರಭಾವದ ಅಳತೆ ಸಿಗುವುದಿಲ್ಲ.

ಪ್ರಭಾವವನ್ನು ಜನರ ತಲೆಯೊಳಗೆ ಹುಡುಕುವುದಕ್ಕಿಂತ ಊರಿನ ಸಂಸ್ಥೆಗಳ ನಡವಳಿಕೆಯಲ್ಲಿ ಹುಡುಕುವುದು ಸುಲಭ, ಖಚಿತ ಕೂಡ. ಸಂಸ್ಥೆ ಅಂದರೆ ಕಚೇರಿ ಮಾತ್ರ ಅಲ್ಲ. ಯಕ್ಷಗಾನದ ಮೇಳ, ಅಡಿಕೆ ಪೇಟೆ, ಮೀನಿನ ಬಂದರು, ಗ್ರಾಮ ಪಂಚಾಯತಿ, ದೇವಸ್ಥಾನದ ಆಡಳಿತ ಮಂಡಳಿ, ಶಾಲೆ ಎಲ್ಲವೂ ಸಂಸ್ಥೆಗಳೇ. ಒಂದೊಂದಕ್ಕೂ ಮೂರು ಪ್ರಶ್ನೆ ಹಾಕಿ. ಅದರ ಹೊತ್ತು ಬದಲಾಯಿತೇ, ಅಂದರೆ ಯಾವಾಗ ಶುರು, ಎಷ್ಟು ತಾಸು? ಒಳಗೆ ಬರುವ ದಾರಿ ಬದಲಾಯಿತೇ, ಯಾರು ಸೇರಿಸಿಕೊಳ್ಳುತ್ತಾರೆ, ಯಾರು ಕಲಿಸುತ್ತಾರೆ? ಯಾರ ಮಾತಿಗೆ ತೂಕ ಬಂತು, ಯಾರದ್ದಕ್ಕೆ ಹೋಯಿತು? ಮೂರಕ್ಕೂ ಉತ್ತರ ಬಾಯಿಮಾತಿನಲ್ಲಿ ಅಷ್ಟೇ ಅಲ್ಲ, ಕರಪತ್ರ, ರಸೀದಿ, ನಡಾವಳಿ ಪುಸ್ತಕಗಳಲ್ಲೂ ಸಿಗುತ್ತದೆ. ಮಕ್ಕಳ ಕೈಗೆ ನಿಲುಕುವ ಪುರಾವೆ ಅದು.

ನೀವು ಆಟದಿಂದಲೇ ಮಾತು ತೆಗೆದಿದ್ದೀರಿ, ಅಲ್ಲಿಂದಲೇ ನೋಡೋಣ. ಯಕ್ಷಗಾನಕ್ಕೆ ಮೊದಲು ಬಂದ ಹೊಸ ಮಾಧ್ಯಮ ಟಿವಿ ಅಲ್ಲ, ಮೈಕು. ಮೈಕಿಲ್ಲದ ಬಯಲಾಟದಲ್ಲಿ ಭಾಗವತರು ಹಾಡುವ ಪದ ಗದ್ದೆಯ ಆ ತುದಿಗೆ ಮುಟ್ಟಬೇಕಿತ್ತು. ಹಾಗಾಗಿ ಏರು ಶ್ರುತಿ, ತೆರೆದ ಕಂಠ, ಉದ್ದ ಎಳೆತ. ಮೈಕು ಬಂದ ಮೇಲೆ ಮಂದ್ರದಲ್ಲೂ ಹಾಡಬಹುದಾಯಿತು, ಆಲಾಪಕ್ಕೆ ಜಾಗವಾಯಿತು. ಪ್ರಸಂಗವನ್ನು ನಡೆಸುವ ಸೂತ್ರಧಾರನಾಗಿದ್ದ ಭಾಗವತರು ನಿಧಾನವಾಗಿ ಗಾಯಕರಾಗಿಯೂ ಹೆಸರು ಮಾಡತೊಡಗಿದರು. ಆಮೇಲೆ ಬಂದದ್ದು ಕ್ಯಾಸೆಟ್ಟು. ಅರವತ್ತು ನಿಮಿಷದ ಕ್ಯಾಸೆಟ್ಟೆಂದರೆ ಒಂದು ಬದಿಗೆ 30 ನಿಮಿಷ, ತೊಂಬತ್ತರದ್ದಾದರೆ 45. ಇಡೀ ರಾತ್ರಿಯ ಪ್ರಸಂಗವನ್ನು ಆ ಅಳತೆಗೆ ಕತ್ತರಿಸಬೇಕಿತ್ತು. ಆರಿಸಿದ ಪದ, ಆರಿಸಿದ ಸಂವಾದ ಉಳಿದವು. ಭಾಗವತ ಗುಂಡ್ಮಿ ಕಾಳಿಂಗ ನಾವಡರು (1958–1990) ಮೂವತ್ತೆರಡು ತುಂಬುವುದರೊಳಗೆ ತೀರಿಕೊಂಡರು. ಅವರ ಕಂಠ ಮಾತ್ರ ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಯೂಟ್ಯೂಬಿಗೆ ದಾಟಿ ಇಂದಿಗೂ ಹೊಸ ಭಾಗವತರ ಕಿವಿಯಲ್ಲಿದೆ. ಗುರುವಿನ ಎದುರು ಕೂರದೆಯೂ ಕಲಿಯುವ ದಾರಿ ಹೀಗೆ ತೆರೆಯಿತು, ಅದು ದೊಡ್ಡ ಲಾಭ. ನಷ್ಟವೂ ಇದೆ. ಕುಂದಾಪುರ ಕಡೆಯ ಬಡಗು ಶೈಲಿ ಬೇರೆ, ಶರಾವತಿಯಿಂದ ಉತ್ತರದ ನಮ್ಮ ಬಡಾಬಡಗು ಬೇರೆ. ಒಂದೇ ಧ್ವನಿಮುದ್ರಣವನ್ನು ನದಿಯ ಎರಡೂ ದಡದವರು ಕೇಳಿ ಕಲಿತಾಗ ಆ ಗಡಿ ಮಸುಕಾಗುತ್ತದೆ. ನನ್ನ ಮಟ್ಟಿಗೆ ಕ್ಯಾಸೆಟ್ಟಿನ ಅತಿ ದೊಡ್ಡ ಪರಿಣಾಮ ಇದೇ. ರೀಲ್ಸ್ ಬಗ್ಗೆ ಇಷ್ಟು ಚರ್ಚೆಯಾಗುತ್ತಿರುವಾಗ ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡದಿರುವುದು ಬೇಸರದ ಸಂಗತಿ.

ಆಮೇಲೆ ಕಾಲಮಿತಿ. ರಾತ್ರಿ ಶುರುವಾಗಿ ಬೆಳಗಿನ ಮಂಗಳದವರೆಗೆ ನಡೆಯುತ್ತಿದ್ದ ಆಟ ಎರಡೂವರೆ, ಮೂರು ತಾಸಿಗೆ ಇಳಿಯಿತು. ಎಲ್ಲಿ ಕತ್ತರಿ ಬಿತ್ತು ಎಂಬುದು ಮುಖ್ಯ. ಮೊದಲು ಹೋದದ್ದು ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ನಂತರ ವೇಷಗಳ ರಂಗಪ್ರವೇಶದ ಒಡ್ಡೋಲಗ ಮೊಟಕಾಯಿತು. ನೋಡುಗರಿಗೆ ಪೂರ್ವರಂಗ ಕಥೆಗೆ ಮುಂಚಿನ ಕುಣಿತವಾಗಿತ್ತು, ಮೇಳಕ್ಕೆ ಅದು ಶಾಲೆಯಾಗಿತ್ತು. ಹೊಸ ಹುಡುಗ ಮೊದಲು ಕೋಡಂಗಿಯಾಗಿ ರಂಗಕ್ಕೆ ಬಂದು, ಬಾಲಗೋಪಾಲನಾಗಿ ತಾಳ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ವೇಷಕ್ಕೆ ಹೋಗುತ್ತಿದ್ದ. ಆ ಮೆಟ್ಟಿಲು ಕಿತ್ತಮೇಲೆ ಕಲಿಕೆ ಬೇರೆ ಕಡೆ ಆಗಬೇಕಾಯಿತು: ತರಬೇತಿ ಕೇಂದ್ರ, ರಜೆಯ ಶಿಬಿರ, ಶಾಲೆಯ ತಂಡ. 1934ರಲ್ಲಿ ಹುಟ್ಟಿದ ಕೆರೆಮನೆಯ ಇಡಗುಂಜಿ ಮೇಳ ಹೊನ್ನಾವರದ ಗುಣವಂತೆಯಲ್ಲಿ ಕಲಿಕಾ ಕೇಂದ್ರವನ್ನೇ ನಡೆಸುತ್ತ ಬಂದಿದೆ. ಅಂದರೆ ಆಟದ ಹೊತ್ತು ಬದಲಾದದ್ದರಿಂದ ಒಳಗೆ ಬರುವ ದಾರಿಯೂ ಬದಲಾಯಿತು. ಮಕ್ಕಳು ಹುಡುಕಬೇಕಾದ ಕೊಂಡಿ ಇಂಥದ್ದು.

ಕಾಲಮಿತಿಗೆ ಟಿವಿಯೊಂದೇ ಕಾರಣ ಎಂದು ಬರೆಸಿಬಿಡಬೇಡಿ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವ ನೌಕರರು ಹೆಚ್ಚಿದರು, ಗದ್ದೆ ಬಯಲಿನ ಆಟ ಸಭಾಭವನಕ್ಕೆ ಬಂತು, ರಾತ್ರಿಯಿಡೀ ಮೇಳ ಕರೆಸುವ ಖರ್ಚು ಏರಿತು. ಟಿವಿ ಈ ಕಾರಣಗಳ ಜತೆ ಸೇರಿಕೊಂಡಿತು.

ಈಗ ನಿಮ್ಮ ರೀಲ್ಸ್. ಮೊಬೈಲಿನ ಉದ್ದ ಚೌಕಟ್ಟಿನ ಅಳತೆ 9:16. ಅದರಲ್ಲಿ ಒಬ್ಬ ವೇಷಧಾರಿ ನಿಲ್ಲಬಹುದು, ಇಬ್ಬರು ಎದುರುಬದುರಾದರೆ ಇಕ್ಕಟ್ಟು. ಹಿಂದೆ ಕೂತ ಭಾಗವತರು, ಬದಿಯ ಚಂಡೆ, ಮದ್ದಳೆ ಚೌಕಟ್ಟಿನ ಹೊರಗೆ ಉಳಿಯುತ್ತವೆ. ಆಟದಲ್ಲಿ ಪದ, ಕುಣಿತ, ಮಾತು ಒಂದಕ್ಕೊಂದು ಉತ್ತರ ಕೊಡುತ್ತ ಹೋಗುತ್ತವೆ. ಕ್ಲಿಪ್ಪಿಗೆ ಸಿಗುವುದು ಮಂಡಿ ಕುಣಿತದ (ಮಂಡಿಯೂರಿ ಗಿರಕಿ ಹೊಡೆಯುವ) ಸುತ್ತು, ಚಂಡೆಯ ಏರು, ಹಾಸ್ಯದ ಒಂದು ಚಟಾಕಿ. ಅರ್ಥಗಾರಿಕೆ (ವೇಷಧಾರಿ ಆ ಕ್ಷಣಕ್ಕೆ ಕಟ್ಟುವ ಮಾತು) ಸಿಗುವುದಿಲ್ಲ, ಏಕೆಂದರೆ ಒಂದು ವಾದ ಕಟ್ಟಿ ಎದುರಾಳಿಯನ್ನು ಮಾತಿನಲ್ಲಿ ಸಿಕ್ಕಿಸಲು ಹತ್ತು ನಿಮಿಷವಾದರೂ ಬೇಕು. ಕ್ಲಿಪ್ಪು ನೋಡಿ ಆಟಕ್ಕೆ ಬಂದವರು ಮಂಡಿಗಾಗಿ ಕಾಯುತ್ತಾರೆ, ಚಪ್ಪಾಳೆ ಅಲ್ಲಿ ಬೀಳುತ್ತದೆ, ಮುಂದಿನ ಆಟದಲ್ಲಿ ಸುತ್ತುಗಳು ಹೆಚ್ಚಾಗುತ್ತವೆ. ಈ ಕೊನೆಯ ಮಾತು ನಿಮ್ಮ ಊರಿನಲ್ಲಿ ನಿಜವೇ ಎಂದು ಎಣಿಸಿ ನೋಡಬಹುದು. ಅದೇ ಪ್ರಸಂಗದ ಹದಿನೈದು, ಇಪ್ಪತ್ತು ವರ್ಷ ಹಿಂದಿನ ಪೂರ್ಣ ವಿಡಿಯೋ ಒಂದು, ಈಚಿನದ್ದು ಒಂದು ಹಿಡಿದು ಪದಕ್ಕೆ, ಕುಣಿತಕ್ಕೆ, ಅರ್ಥಕ್ಕೆ ಎಷ್ಟೆಷ್ಟು ನಿಮಿಷ ಹೋಯಿತೆಂದು ಗಡಿಯಾರ ಇಟ್ಟು ಬರೆಯಿಸಿ. ಎರಡೂ ಪೂರ್ಣ ವಿಡಿಯೋ ಆಗಿರಬೇಕು, ಎರಡೂ ಒಂದೇ ಬಗೆಯ ಆಟವಾಗಿರಬೇಕು. ಇಡೀ ರಾತ್ರಿಯದ್ದನ್ನು ಕಾಲಮಿತಿಯದ್ದಕ್ಕೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಪತ್ರಿಕೆಯ ವಿಷಯ ಬೇರೆ ಥರ. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಆಡಳಿತಕ್ಕೆ ಸೇರಿತ್ತು. ಹುಬ್ಬಳ್ಳಿಯಿಂದ ಬರುತ್ತಿದ್ದ ಸಂಯುಕ್ತ ಕರ್ನಾಟಕದಂಥ ಪತ್ರಿಕೆ ಓದುವುದೆಂದರೆ ಘಟ್ಟದ ಆಚೆಯ ಕನ್ನಡಿಗರ ಜತೆ ಒಂದೇ ಸುದ್ದಿಯಲ್ಲಿ ಕೂತಂತೆ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾದ ಮೇಲೆ ಆ ನಂಟು ಕಿವಿಗೂ ಬಂತು. ಏಕೀಕರಣಕ್ಕೆ ಮೊದಲೇ ಕನ್ನಡ ನಾಡು ಕಾಗದದಲ್ಲಿ, ಧ್ವನಿಯಲ್ಲಿ ಕೂಡಿಕೊಂಡಿತ್ತು. ಇವತ್ತು ಅದೇ ಪತ್ರಿಕೋದ್ಯಮ ತಿರುಗಿ ಬೇರ್ಪಡಿಸುವ ಕೆಲಸವನ್ನೂ ಮಾಡುತ್ತಿದೆ. ಜಿಲ್ಲೆಗೊಂದು ಆವೃತ್ತಿ, ತಾಲೂಕಿಗೊಂದು ಪುಟ ಬಂದ ಮೇಲೆ ಶಿರಸಿಯ ಸುದ್ದಿ ಶಿರಸಿಯವರಿಗೆ ಹಿಂದೆಂದಿಗಿಂತ ಹೆಚ್ಚು ಸಿಗುತ್ತದೆ. ಹುಬ್ಬಳ್ಳಿಯವರಿಗೆ, ಬೆಂಗಳೂರಿನವರಿಗೆ ಸಿಗುವುದೇ ಇಲ್ಲ. ನಮ್ಮ ರಸ್ತೆಯ ಗೋಳು ನಾಲ್ಕು ಕಾಲಂನಲ್ಲಿ ಬಂತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ, ದುಡ್ಡು ಮಂಜೂರು ಮಾಡುವವರು ಓದುವ ಆವೃತ್ತಿಯಲ್ಲಿ ಅದು ಇರುವುದಿಲ್ಲ.

ಸಂಸ್ಥೆಗಳು ಪತ್ರಿಕೆಗೆ ಹೊಂದಿಕೊಂಡ ಗುರುತುಗಳನ್ನೂ ಮಕ್ಕಳು ಹಿಡಿಯಬಹುದು. ದೂರದ ಆವೃತ್ತಿಯ ಪುಟಗಳು ಬೇಗ ಮುಗಿಯಬೇಕು, ಏಕೆಂದರೆ ಬೇರೆ ಊರಿನಲ್ಲಿ ಅಚ್ಚಾದ ಕಟ್ಟು ರಾತ್ರಿಯೇ ವಾಹನ ಹತ್ತಿ, ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಬೆಳಗಾಗುವುದರೊಳಗೆ ಕರಾವಳಿ ಸೇರಬೇಕು. ಹೀಗಾಗಿ ಉದ್ಘಾಟನೆ, ಸನ್ಮಾನ, ಪತ್ರಿಕಾಗೋಷ್ಠಿ ಬೆಳಗಿನ ಹೊತ್ತಿಗೆ ಬಂದು ಕೂತವು. ತಾಲೂಕಿನ ಅರೆಕಾಲಿಕ ವರದಿಗಾರರಿಗೆ ಸಿಗುವ ಸಂಭಾವನೆ ಕಡಿಮೆ, ಹಲವರ ಮೇಲೆ ಜಾಹೀರಾತು ತರುವ ಹೊಣೆಯೂ ಇರುತ್ತದೆ. ಜಾಹೀರಾತು ಕೊಡುವ ಸಂಸ್ಥೆಯ ಕಾರ್ಯಕ್ರಮ ಸಲೀಸಾಗಿ ಅಚ್ಚಾಗುತ್ತದೆ. ಅದೇ ಸಂಸ್ಥೆಯ ಲೆಕ್ಕಪತ್ರದ ತಕರಾರು ಅಷ್ಟು ಸಲೀಸಾಗಿ ಅಚ್ಚಾಗುವುದಿಲ್ಲ. ಇದಕ್ಕೆ ವರದಿಗಾರರನ್ನು ದೂರುವುದು ಅನ್ಯಾಯ. ಅವರ ಸಂಬಳದ ವ್ಯವಸ್ಥೆಯನ್ನೇ ಪ್ರಶ್ನಿಸಬೇಕು.

ಯಾವ ಸುದ್ದಿ ಸರ್ಕಾರವನ್ನು ಅಲುಗಾಡಿಸುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಎರಡು ಒಳ್ಳೆಯ ಪಾಠಗಳಿವೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ, ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡರು. ಹಿಮಾಲಯದ ಚಿಪ್ಕೊ ಚಳವಳಿಯ ಸುದ್ದಿ ಅಷ್ಟರಲ್ಲಿ ಇಲ್ಲಿಗೆ ತಲುಪಿತ್ತು. ಆದರೆ ಈ ಅಪ್ಪಿಕೋ ಚಳವಳಿ ಊರಿಂದೂರಿಗೆ ಹಬ್ಬಿದ್ದು ಬರೀ ಪತ್ರಿಕೆಯಿಂದಲ್ಲ. ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಬೀದಿನಾಟಕ, ಜಾನಪದ ಹಾಡು ಇವು ಊರೊಳಗೆ ಕೆಲಸ ಮಾಡಿದವು, ಪತ್ರಿಕೆ ಊರಾಚೆ, ವಿಧಾನಸೌಧದ ಕಡೆ ಮುಖ ಮಾಡಿ ಕೆಲಸ ಮಾಡಿತು. ಸಣ್ಣ ಮಾಧ್ಯಮ ನಂಬಿಕೆ ಕಟ್ಟುತ್ತದೆ, ದೊಡ್ಡ ಮಾಧ್ಯಮ ಒತ್ತಡ ಕಟ್ಟುತ್ತದೆ. ಒಂದೇ ಇದ್ದರೆ ಚಳವಳಿ ಬಾಳುವುದಿಲ್ಲ.

ಎರಡನೆಯದು ಶಿರೂರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಕಣ್ಮರೆಯಾದವರಲ್ಲಿ ಕೇರಳದ ಲಾರಿ ಚಾಲಕನೊಬ್ಬ ಇದ್ದ. ಕೇರಳದ ಚಾನೆಲ್‌ಗಳು ಗಂಗಾವಳಿಯ ದಡದಲ್ಲಿ ಬೀಡುಬಿಟ್ಟವು, ಶೋಧ ನಿಲ್ಲದಂತೆ ದಿನವೂ ಒತ್ತಡ ಬಂತು, ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತರಿಸಿ ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರಲ್ಲಿದ್ದ ಅವನ ದೇಹವನ್ನೂ ಎತ್ತಲಾಯಿತು. ಆ ಕುಟುಂಬಕ್ಕೆ ಅಷ್ಟಾದರೂ ಸಿಕ್ಕಿದ್ದಕ್ಕೆ ಕ್ಯಾಮೆರಾಗಳು ನಿಜಕ್ಕೂ ಕಾರಣ. ಆದರೆ ಕ್ಯಾಮೆರಾಗಳು ಹೆಚ್ಚಾಗಿ ನಿಂತದ್ದು ಹೆದ್ದಾರಿಯ ದಡದಲ್ಲಿ. ಆಚೆ ದಡದ ಉಳುವರೆಯಲ್ಲಿ, ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಮನೆಗಳನ್ನು ಕೆಡವಿತ್ತು, ಜೀವವನ್ನೂ ತೆಗೆದಿತ್ತು. ಅವರ ಮಾತು ದೇಶಕ್ಕೆ ಕೇಳಿಸಿದ್ದು ತೀರ ಕಡಿಮೆ. ಯಾವುದು ಮುಖ್ಯ ಸುದ್ದಿ ಎಂದು ನಿರ್ಧರಿಸುವ ಈ ಶಕ್ತಿಯನ್ನು 1972ರಲ್ಲಿ ಅಮೆರಿಕದ ಸಂಶೋಧಕರಾದ ಮೆಕ್‌ಕೂಂಬ್ಸ್ ಮತ್ತು ಶಾ ಚುನಾವಣಾ ಸುದ್ದಿಗಳನ್ನು ಅಳೆದು ತೋರಿಸಿದರು: ಏನು ಯೋಚಿಸಬೇಕೆಂದು ಜನರಿಗೆ ಹೇಳಿ ಒಪ್ಪಿಸುವುದು ಮಾಧ್ಯಮಕ್ಕೆ ಕಷ್ಟ, ಯಾವುದರ ಬಗ್ಗೆ ಯೋಚಿಸಬೇಕೆಂದು ನಿರ್ಧರಿಸುವುದು ಸುಲಭ.

ಪೇಟೆಯ ಕಡೆ ಬಂದರೆ ಮಾಧ್ಯಮದ ಮಿತಿಯೂ ಕಾಣುತ್ತದೆ. ಕೇರಳದ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಟವರ್ ಬಂದಾಗ ತಾರ್ಲೆ (ಬೂತಾಯಿ) ಮೀನುಗಾರರ ವ್ಯಾಪಾರ ಏನಾಯಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಲೆಕ್ಕ ಹಾಕಿದರು. ಬಂದರಿನಿಂದ ಬಂದರಿಗೆ ಇದ್ದ ಬೆಲೆಯ ವ್ಯತ್ಯಾಸ ಬಹುಪಾಲು ಕರಗಿತು, ಮಾರಾಟವಾಗದೆ ಚೆಲ್ಲುವ ಮೀನು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ 8 ಏರಿತು, ಕೊಳ್ಳುವವರಿಗೆ ಬೆಲೆ ಶೇ 4 ಇಳಿಯಿತು. ಬಹಳ ಹೆಸರಾದ ಅಧ್ಯಯನ ಇದು. ಆಮೇಲೆ ಕೇರಳಕ್ಕೇ ಹೋಗಿ ನೋಡಿದ ಬೇರೆ ಸಂಶೋಧಕರು ಒಂದು ಮುಖ್ಯ ಆಕ್ಷೇಪ ಎತ್ತಿದರು: ಮುಂಗಡ ಸಾಲ ಪಡೆದ ದೋಣಿಯವರು ಆ ದಲ್ಲಾಳಿಗೇ ಮೀನು ಹಾಕಬೇಕು, ಫೋನಿನಲ್ಲಿ ಬೇರೆ ಬಂದರಿನ ಬೆಲೆ ಗೊತ್ತಾದರೂ ಅತ್ತ ತಿರುಗುವ ಹಾಗಿಲ್ಲ. ಕಾರವಾರದ ಬೈತಖೋಲ, ಕುಮಟಾದ ತದಡಿ ಬಂದರುಗಳಲ್ಲಿ ಅಧ್ಯಯನ ಮಾಡುವವರು ಮೊದಲು ಕೇಳಬೇಕಾದ್ದು ‘ಫೋನ್ ಇದೆಯೇ’ ಎಂದಲ್ಲ, ‘ಡೀಸೆಲ್ಲಿಗೆ, ಬಲೆಗೆ ದುಡ್ಡು ಯಾರು ಕೊಟ್ಟರು’ ಎಂದು.

ಅಡಿಕೆಯಲ್ಲೂ ಹಾಗೆಯೇ. ಹಿಂದೆ ಮರುದಿನದ ಪತ್ರಿಕೆಯಲ್ಲಿ ಸಿಗುತ್ತಿದ್ದ ದರ ಈಗ ಟೆಂಡರ್ ಮುಗಿದ ಹೊತ್ತಿಗೇ ಫೋನಿಗೆ ಬರುತ್ತದೆ. ಶಿರಸಿ, ಯಲ್ಲಾಪುರ, ಸಿದ್ದಾಪುರ, ಸಾಗರದ್ದು ಪಕ್ಕಪಕ್ಕ ನೋಡಬಹುದು. ಆದರೆ ಫಾರ್ವರ್ಡ್ ಆಗಿ ಹರಿದಾಡುವುದು ಹೆಚ್ಚಾಗಿ ಗರಿಷ್ಠ ದರ. ಬೆಳೆಗಾರರು ಆ ಅಂಕಿ ತಲೆಯಲ್ಲಿಟ್ಟು ಚೀಲ ತಂದಾಗ ಸಿಗುವುದು ಸರಾಸರಿಯ ಆಸುಪಾಸು, ‘ಮೋಸವಾಯಿತು’ ಎಂಬ ಭಾವನೆ ಹುಟ್ಟುತ್ತದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸುವುದು, ಒಂದೇ ವಿಂಗಡಣೆಯೊಳಗೆ ಗುಣ ನೋಡಿ ದರ ಬರೆಯುವುದು ಇಂದಿಗೂ ಕಣ್ಣು, ಕೈಗಳ ಕೆಲಸ. ಮಾಹಿತಿ ವೇಗವಾಯಿತು, ತೀರ್ಮಾನಿಸುವ ಕೈ ಬದಲಾಗಲಿಲ್ಲ. ಮಕ್ಕಳಿಗೆ ಒಂದು ತಿಂಗಳ ಕನಿಷ್ಠ, ಗರಿಷ್ಠ, ಸರಾಸರಿ ದರವನ್ನು ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಪಟ್ಟಿಯಿಂದ ಬರೆಸಿ, ಪಕ್ಕದಲ್ಲಿ ಗುಂಪಿಗೆ ಬಂದ ದರ ಬರೆಸಿ. ಅಂತರ ತಾನೇ ಕಾಣುತ್ತದೆ.

ಗ್ರಾಮಸಭೆ ಮತ್ತು ವಾಟ್ಸಾಪ್ ಬಗ್ಗೆ ನನಗೆ ಹೆಚ್ಚು ಕಳವಳವಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಎದ್ದ ಬೇಡಿಕೆ ನಡಾವಳಿಯಲ್ಲಿ ಬರೆಯಲ್ಪಡುತ್ತದೆ, ಠರಾವಾಗುತ್ತದೆ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅದಕ್ಕೆ ಉತ್ತರ ಹೇಳಬೇಕು. ಗುಂಪಿನಲ್ಲಿ ನೂರು ಜನ ‘ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಮುರಿದಿದೆ’ ಎಂದು ಬರೆದರೂ ಅದು ಯಾವ ಪುಸ್ತಕಕ್ಕೂ ಸೇರುವುದಿಲ್ಲ. ಬರೆದವರಿಗೆ ಹೇಳಿದ ತೃಪ್ತಿ ಬಂದಿರುತ್ತದೆ, ಸಭೆಗೆ ಹೋಗುವ ಒತ್ತಾಸೆ ಅಷ್ಟಕ್ಕೇ ಕರಗುತ್ತದೆ. ಮಾತಿನ ತೂಕವೂ ಜಾಗ ಬದಲಿಸಿದೆ. ಸಭೆಯಲ್ಲಿ ಅಧ್ಯಕ್ಷರಿಗಿದ್ದ ತಡೆಯುವ, ಬಿಡುವ ಅಧಿಕಾರ ಗುಂಪಿನಲ್ಲಿ ಅಡ್ಮಿನ್‌ಗೆ ಹೋಯಿತು, ಅವರನ್ನು ಯಾರೂ ಆರಿಸಿಲ್ಲ. ಗುಂಪಿನಲ್ಲಿ ಇಲ್ಲದವರು ಯಾರು ಎಂದೂ ನೋಡಿ: ನೆಟ್‌ವರ್ಕ್ ಸಿಗದ ಒಳಹಳ್ಳಿಯವರು, ಸ್ವಂತ ಫೋನಿಲ್ಲದ ಹೆಂಗಸರು, ಕೂಲಿಗೆ ಹೋಗುವವರು. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಘಟ್ಟದ ಮಕ್ಕಳು ಗುಡ್ಡ ಹತ್ತಿ ಕೂತದ್ದು ಇದೇ ಜಿಲ್ಲೆಯಲ್ಲಿ. ಹಾಗೆಂದು ಗುಂಪು ಬೇಡವೆಂದಲ್ಲ. ಸಭೆಯ ದಿನಾಂಕ ತಿಳಿಸಲು, ಮುರಿದ ಸಂಕದ ಚಿತ್ರ ಸಂಗ್ರಹಿಸಲು ಅದರಷ್ಟು ಒಳ್ಳೆಯ ಸಾಧನ ಇಲ್ಲ. ಗುಂಪಿನಲ್ಲಿ ಬಂದ ದೂರುಗಳನ್ನು ಒಬ್ಬರು ಕಾಗದಕ್ಕಿಳಿಸಿ, ಸಹಿ ಹಾಕಿಸಿ, ಪಂಚಾಯತಿಯಲ್ಲಿ ಸ್ವೀಕೃತಿ ಮುದ್ರೆ ಪಡೆದರೆ ಎರಡೂ ಕೂಡುತ್ತವೆ.

ವದಂತಿಯ ವೇಗಕ್ಕೂ ಸಂಸ್ಥೆಯ ವೇಗಕ್ಕೂ ಇರುವ ಅಂತರವನ್ನು ಈ ಜಿಲ್ಲೆ ದೊಡ್ಡ ಬೆಲೆ ಕೊಟ್ಟು ಕಂಡಿದೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬ ಸತ್ತಾಗ ಹರಿದಾಡಿದ ಮಾತುಗಳಿಗೆ ಕುಮಟಾ, ಶಿರಸಿವರೆಗೆ ಗಲಭೆಯಾಯಿತು. ಅದು ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ಒಂದು ಸಂದೇಶವನ್ನು ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿಯನ್ನು ವಾಟ್ಸಾಪ್ ಭಾರತದಲ್ಲಿ ತಂದದ್ದು 2018ರಲ್ಲಿ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದೇ ಕಡೆಗೆ ಎಂದು ಬಿಗಿಮಾಡಿದ್ದು 2020ರಲ್ಲಿ. ಇಂಥ ಪ್ರಕರಣಗಳನ್ನು ತರಗತಿಯಲ್ಲಿ ಚರ್ಚಿಸಿ, ಆದರೆ ಮಕ್ಕಳ ಕ್ಷೇತ್ರಕಾರ್ಯಕ್ಕೆ ಕೊಡಬೇಡಿ.

ನಿಮ್ಮ ಮೊದಲ ಪ್ರಶ್ನೆ, ಯಾವುದು ಕಾರಣ, ಯಾವುದು ಪರಿಣಾಮ ಎಂಬುದು. ಇದಕ್ಕೆ ಹೋಲಿಕೆ ಬೇಕು. 2001ರಿಂದ 2003ರವರೆಗೆ ನಮ್ಮ ನೆರೆಯ ಗೋವಾ ಸೇರಿ ಐದು ಕಡೆಯ ಹಳ್ಳಿಗಳಲ್ಲಿ ಕೇಬಲ್ ಟಿವಿಯ ಪರಿಣಾಮ ನೋಡಿದ ಅಧ್ಯಯನವೊಂದಿದೆ (ಜೆನ್ಸನ್ ಮತ್ತು ಆಸ್ಟರ್). ಆ ಅವಧಿಯಲ್ಲಿ ಕೇಬಲ್ ಬಂದ ಹಳ್ಳಿ, ಬಾರದ ಹಳ್ಳಿ ಎರಡನ್ನೂ ಮತ್ತೆ ಮತ್ತೆ ಕೇಳಿದರು. ಕೇಬಲ್ ಬಂದಲ್ಲಿ ‘ಗಂಡ ಹೊಡೆಯುವುದು ಸರಿ’ ಎನ್ನುವ ಹೆಂಗಸರು ಕಡಿಮೆಯಾದರು, ಗಂಡುಮಗುವೇ ಬೇಕೆಂಬ ಹಂಬಲ ಇಳಿಯಿತು, ಮನೆಯ ತೀರ್ಮಾನಗಳಲ್ಲಿ ಹೆಂಗಸರ ಪಾಲು ಹೆಚ್ಚಿತು. ಧಾರಾವಾಹಿಯಿಂದ ಮನೆ ಕೆಡುತ್ತದೆ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾರದ ಹಳ್ಳಿಯ ಹೋಲಿಕೆ ಇಲ್ಲದಿದ್ದರೆ ಇದು ಕಾಲಕ್ಕೆ ತಕ್ಕ ಬದಲಾವಣೆಯೋ ಟಿವಿಯದ್ದೋ ಎಂದು ಹೇಳಲು ಬರುತ್ತಿರಲಿಲ್ಲ. ನಿಮ್ಮಲ್ಲಿ ಇದಕ್ಕೆ ಸಮನಾದದ್ದು ಟವರ್ ಬೇಗ ಬಂದ ಊರು ಮತ್ತು ತಡವಾಗಿ ಬಂದ ಊರು. ಅಂಥ ಜೋಡಿ ಒಂದೇ ಪಂಚಾಯತಿಯೊಳಗೆ ಸಿಕ್ಕರೆ ಬಿಡಬೇಡಿ.

ಇನ್ನು ಕೆಲಸದ ಬಗೆ. ಒಂದು ತಂಡಕ್ಕೆ ಒಂದೇ ಸಂಸ್ಥೆ ಕೊಡಿ. ಮೊದಲು ಎಪ್ಪತ್ತು ದಾಟಿದವರು, ನಲವತ್ತೈದರಿಂದ ಅರವತ್ತರವರು, ಇಪ್ಪತ್ತೈದರೊಳಗಿನವರು ಹೀಗೆ ಮೂರು ವಯಸ್ಸಿನ ನಾಲ್ಕು ನಾಲ್ಕು ಜನರ ಜತೆ ಮಾತಾಡಿಸಿ, ಗಂಡು ಹೆಣ್ಣು ಸಮ ಇರಲಿ. ‘ಯಾವ ವರ್ಷ?’ ಎಂದು ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಗೂಟ ಕೊಟ್ಟು ಕೇಳಿ: ಟಿವಿಯಲ್ಲಿ ರಾಮಾಯಣ ಬರುತ್ತಿದ್ದಾಗಲೋ (1987–88) ಆಮೇಲೋ? ಕೊಂಕಣ ರೈಲು ಪೂರ್ತಿ ಓಡತೊಡಗುವ (1998) ಮೊದಲೋ? ಕೊರೊನಾಕ್ಕೆ ಹಿಂದೋ ಮುಂದೋ? ಅವರು ಹೇಳಿದ್ದನ್ನು ಹಳೆಯ ಕರಪತ್ರ, ಆಮಂತ್ರಣ, ರಸೀದಿ, ನಡಾವಳಿಯ ಜತೆ ತಾಳೆ ನೋಡಲಿ.

ಪತ್ರಿಕೆ ಅಳೆಯಲು ಸ್ಕೇಲು ಸಾಕು. ಸುದ್ದಿ ಎಷ್ಟು ಕಾಲಂ ಅಗಲ, ಎಷ್ಟು ಸೆಂಟಿಮೀಟರ್ ಉದ್ದ ಎಂದು ನೋಡಿ ಗುಣಿಸಿ. 4 ಕಾಲಂ, 12 ಸೆಂ.ಮೀ. ಆದರೆ 48 ಕಾಲಂ-ಸೆಂಟಿಮೀಟರ್. ಸತತ ಏಳು ದಿನದ ಸಂಚಿಕೆ ತೆಗೆದುಕೊಳ್ಳಬೇಡಿ, ಆ ವಾರ ಚುನಾವಣೆಯೋ ಮಾರಿಕಾಂಬಾ ಜಾತ್ರೆಯೋ ಇದ್ದರೆ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ವರ್ಷದ ಸೋಮವಾರಗಳಲ್ಲಿ ಚೀಟಿ ಎತ್ತಿ ಎರಡು, ಮಂಗಳವಾರಗಳಲ್ಲಿ ಎರಡು, ಹೀಗೆ ಒಟ್ಟು 14 ಸಂಚಿಕೆ ಆರಿಸಿ. ದಿನಪತ್ರಿಕೆಯ ಒಂದು ವರ್ಷಕ್ಕೆ ಅಷ್ಟು ಸಾಕೆಂದು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಗ್ರಂಥಾಲಯದಲ್ಲಿ ಸಂಚಿಕೆ ತೆಗೆಯುವಾಗ ಎಲ್ಲವೂ ಒಂದೇ ಆವೃತ್ತಿಯವೇ ಎಂದು ನೋಡಿಕೊಳ್ಳಿ. ಹುಬ್ಬಳ್ಳಿ ಆವೃತ್ತಿ ನಡುವೆ ಸೇರಿಕೊಂಡರೆ ಜಿಲ್ಲೆಯ ಸುದ್ದಿಯ ಲೆಕ್ಕ ದಿಢೀರನೆ ಕುಸಿಯುತ್ತದೆ. ಪ್ರತಿ ಸುದ್ದಿಗೆ ಮೂರೇ ಗುರುತು ಬರೆಸಿ: ವಿಷಯ, ಯಾರ ಹೇಳಿಕೆ (ಅಧಿಕಾರಿ, ರಾಜಕಾರಣಿ, ಸಂಘದ ಪದಾಧಿಕಾರಿ, ಸಾಮಾನ್ಯರು), ಹೇಳಿದವರು ಹೆಣ್ಣೋ ಗಂಡೋ. ಶುಭಾಶಯದ ಜಾಹೀರಾತನ್ನು ಬೇರೆ ಅಳೆಯಿರಿ.

ಹೆಚ್ಚು ಎಡವುವುದು ಗುರುತು ಹಾಕುವಲ್ಲಿ. ಸಹಕಾರಿ ಸಂಘದ ಅಧ್ಯಕ್ಷರೇ ಪಕ್ಷದ ಮುಖಂಡರೂ ಆಗಿದ್ದರೆ ಒಬ್ಬ ಹುಡುಗ ‘ರಾಜಕಾರಣಿ’ ಎನ್ನುತ್ತಾನೆ, ಇನ್ನೊಬ್ಬಳು ‘ಪದಾಧಿಕಾರಿ’ ಎನ್ನುತ್ತಾಳೆ. ಹಾಗಾಗಿ ಮೊದಲ 50 ಸುದ್ದಿಗಳನ್ನು ಇಬ್ಬರು ಒಬ್ಬರದ್ದೊಬ್ಬರು ನೋಡದೆ ಗುರುತಿಸಲಿ. 40ಕ್ಕಿಂತ ಕಡಿಮೆ ಹೊಂದಿದರೆ ನಿಯಮ ತಿದ್ದಿ ಮತ್ತೆ ಮೊದಲಿಂದ ಮಾಡಿಸಿ.

ಫೋನಿನ ಬಳಕೆಯನ್ನು ಬಾಯಲ್ಲಿ ಕೇಳಬೇಡಿ, ಜನರ ಅಂದಾಜು ತಪ್ಪುತ್ತದೆ. ಒಪ್ಪಿದವರ ಫೋನಿನಲ್ಲೇ, ಬಳಕೆಯ ಹೊತ್ತು ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು ಏಳು ದಿನದ ಅಂಕಿ ಬರೆದುಕೊಳ್ಳಿ. ವಾಟ್ಸಾಪ್ ಗುಂಪಿನಿಂದ ಸ್ಕ್ರೀನ್‌ಶಾಟ್, ಹೆಸರು, ನಂಬರ್ ಯಾವುದನ್ನೂ ತೆಗೆಯಕೂಡದು. ಗುಂಪಿನವರಿಗೆ ತಿಳಿಸಿ, ಒಪ್ಪಿಗೆ ಪಡೆದು, ದೊಡ್ಡವರೊಬ್ಬರು ಎರಡು ವಾರದ ಸಂದೇಶಗಳಿಗೆ ಗೆರೆ ಎಳೆದು ಎಣಿಸಲಿ: ಊರಿನ ದೂರು, ಕಾರ್ಯಕ್ರಮದ ತಿಳಿವಳಿಕೆ, ಹೊರಗಿನಿಂದ ಬಂದ ಫಾರ್ವರ್ಡ್, ಶುಭೋದಯ, ಜಗಳ. ಮಕ್ಕಳ ಕೈಗೆ ಎಣಿಕೆ ಮಾತ್ರ ಬರಲಿ. ಗ್ರಾಮಸಭೆಯ ಹಾಜರಿಯನ್ನು ಹಿಂದಿನ ಹತ್ತು ವರ್ಷದ್ದು ಬೇಕೆಂದು ಶಾಲೆಯ ಮುಖ್ಯಸ್ಥರ ಸಹಿಯ ಅರ್ಜಿ ಕೊಡಿ. ಹಾಜರಿ ಪುಸ್ತಕದಲ್ಲಿ ಮನೆಗೆ ಕಳಿಸಿ ಹಾಕಿಸಿದ ಸಹಿಗಳೂ ಇರಬಹುದು, ಆದ್ದರಿಂದ ಅದನ್ನು ಸಭೆಗೆ ಹೋದವರ ನೆನಪಿನ ಜತೆಗೇ ಓದಿ.

ವೇಳೆಯ ಲೆಕ್ಕ ಹೀಗಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಒಳಗೆ ಕೂತು ಮಾಡುವ ಪತ್ರಿಕೆಯ ಅಳತೆ, ಹಳೆ ವಿಡಿಯೋದ ಎಣಿಕೆ. ಮಳೆ ಬಿಟ್ಟ ಮೇಲೆ ಹಿರಿಯರ ಮಾತು, ಪಂಚಾಯತಿ ದಾಖಲೆ. ಆಟದ ತಿರುಗಾಟ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ಆಗ ರಂಗದೆದುರು ಕೂತು ಗಡಿಯಾರ ಹಿಡಿಯಬಹುದು. ಅಡಿಕೆ ದರಕ್ಕೆ ಕೊಯ್ಲು ಮುಗಿದು ಪೇಟೆಗೆ ಮಾಲು ಬರುವ ಜನವರಿ, ಫೆಬ್ರುವರಿ ಒಳ್ಳೆಯದು. ಹತ್ತನೆಯವರಿಗೆ ಆ ಹೊತ್ತಿಗೆ ಪರೀಕ್ಷೆಯ ತಯಾರಿ, ಆದ್ದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಯವರನ್ನು ತೆಗೆದುಕೊಳ್ಳಿ. ಎಂಟರವರು ಮರುವರ್ಷವೂ ಅದೇ ಪಟ್ಟಿಯಲ್ಲಿ ಎಣಿಸಿದರೆ ಎರಡು ವರ್ಷದ ಅಂಕಿ ಕೈಗೆ ಬರುತ್ತದೆ.